ದೊಡ್ಡಮನೆಯ ವೀರಗಲ್ಲು

"ಅಪ್ಪಾ, ಕಲ್ಲಿನ ಬಟ್ಟೆ ತೆಗೆಯೋಕೆ ಮುಂಚೆ ಒಂದ್ಸಲ ಇಲ್ನೋಡು," ಎಂದು ಅನು ಮೊಬೈಲು ಹಿಡಿದುಕೊಂಡು ಮತ್ತೆ ಬಂದಾಗ ಮುನಿರಾಜು ಕೈ ಬೀಸಿ ಅಟ್ಟಿದರು.

"ನೋಡೋದೇನಿದೆ? ನಮ್ಮ ವಂಶದ ವೀರನ್ನ ನಂಗೇ ತೋರಿಸ್ತೀಯಾ? ಹೋಗಮ್ಮಾ, ಬಂದವರಿಗೆ ಜ್ಯೂಸ್ ಕೊಡು."

ನಾಗರಬಾವಿಯ ಹೊಸ ಮನೆಯ ಗೇಟಿನ ಪಕ್ಕ ಆಳೆತ್ತರದ ವೀರಗಲ್ಲು ಕೆಂಪು ಪಂಚೆ ಹೊದ್ದು ನಿಂತಿತ್ತು. ಕಲ್ಲಲ್ಲ, ಪ್ಲಾಸ್ಟಿಕ್ಕು. ಅಸಲಿ ಕಲ್ಲು ಅವರ ಹೊಲದ ಬದುವಿನಲ್ಲಿತ್ತು. ಮುನಿರಾಜು ಚಡ್ಡಿ ಹಾಕುತ್ತಿದ್ದ ಕಾಲದಲ್ಲೇ ಮ್ಯೂಸಿಯಮ್ಮಿನವರು ಒಯ್ದಿದ್ದರು. ಈಗ ಅದೇ ಮ್ಯೂಸಿಯಮ್ಮು ತನ್ನ ಕಲ್ಲುಗಳನ್ನೆಲ್ಲ ತೊಳೆದು, ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಇಳಿಸಿಕೊಳ್ಳಿ ಎಂದು ಇಂಟರ್ನೆಟ್ಟಿಗೆ ಬಿಟ್ಟಿತ್ತು. ಅನು ಇಳಿಸಿಕೊಟ್ಟಳು. ಬಾಪೂಜಿ ನಗರದ ತ್ರೀಡಿ ಪ್ರಿಂಟಿನ ಅಂಗಡಿಯವರು ಅಚ್ಚು ತೆಗೆದು, ಆ ಪಂಚೆಯಲ್ಲೇ ಸುತ್ತಿ ಕಳಿಸಿದ್ದರು.

ಹೊಲದಲ್ಲಿದ್ದಾಗ ಆ ಕಲ್ಲಿಗೆ ತಲೆಮಾರುಗಳ ಎಣ್ಣೆ, ಅರಿಶಿನ ಮೆತ್ತಿಕೊಂಡು ಒಳಗೇನಿದೆಯೆಂದು ಯಾರಿಗೂ ಕಾಣುತ್ತಿರಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ. ವಂಶದ ಮೂಲಪುರುಷ ಒಬ್ಬನೇ ನೂರಾರು ಶತ್ರುಗಳನ್ನು ಕಡಿದು ಸತ್ತನೆಂಬುದು ಎಲ್ಲರಿಗೂ ಗೊತ್ತಿತ್ತು. ತಕರಾರಿದ್ದದ್ದು ಅವನ ಹಿರಿಮಗನ ಪೀಳಿಗೆ, ಅಂದರೆ ದೊಡ್ಡಮನೆ, ಯಾವುದೆಂಬುದರಲ್ಲಿ. ತಮ್ಮದೆಂದು ಮುನಿರಾಜು, ತನ್ನದೆಂದು ಅತ್ತಿಗುಪ್ಪೆಯ ದಾಯಾದಿ ಕಾಂತರಾಜು. ಇದೇ ಕಾರಣಕ್ಕೆ ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಆ ಕಾಂತರಾಜು ಕರೆಯದೆಯೇ ಬಂದು ನಿಂತಿದ್ದ.

"ಬಟ್ಟೆ ಮುಟ್ಟಂಗಿಲ್ಲ. ದೊಡ್ಡಮನೆ ನಮ್ದು, ಮೊದಲ ಪೂಜೆ ನಮ್ದು," ಎಂದ, ಯಾರ ಮುಖವನ್ನೂ ನೋಡದೆ.

ಆ ಮಾತಿಗೇ ಕಾದಿದ್ದವರಂತೆ ಮುನಿರಾಜು ಪಂಚೆ ಎಳೆದರು.

ಶತ್ರುಗಳಿರಲಿಲ್ಲ. ಕತ್ತಿಯೂ ಇರಲಿಲ್ಲ. ಒಂದು ದೊಡ್ಡ ಕಾಡುಹಂದಿ, ಅದರ ಗಂಟಲಿಗೆ ಬಾಯಿ ಹಾಕಿ ನೇತಾಡುತ್ತಿದ್ದ ಒಂದು ನಾಯಿ. ಮೇಲಿನ ಸಾಲಿನಲ್ಲಿ ಅಪ್ಸರೆಯರು ಆ ನಾಯಿಯನ್ನೇ ಎತ್ತಿಕೊಂಡು ಸ್ವರ್ಗಕ್ಕೆ ಹೊರಟಿದ್ದರು. ಪಕ್ಕದಲ್ಲೊಂದು ಮರ. ಅದರ ಕೊಂಬೆಯನ್ನು ತಬ್ಬಿಕೊಂಡು, ಕಾಲು ಮೇಲಕ್ಕೆಳೆದುಕೊಂಡು ಕೂತಿದ್ದ ಒಬ್ಬ ಮನುಷ್ಯ.

ಯಾರೋ ಕೆಮ್ಮಿದರು. ಮುನಿರಾಜು ಮಗಳತ್ತ ತಿರುಗಿದರು.

"ಬೇರೆ ಯಾವ್ದೋ ಕಲ್ಲು ಇಳಿಸಿದೀಯೇನೇ?"

"ಇದೇ ಅಪ್ಪಾ ನಮ್ಮ ಕಲ್ಲು. ಅದನ್ನೇ ತೋರಿಸೋಕೆ ಬರ್ತಾ ಇದ್ದೆ."

ಕಾಂತರಾಜು ಬಗ್ಗಿ, ಮರದ ಮೇಲಿದ್ದವನನ್ನು ಚೆನ್ನಾಗಿ ನೋಡಿ ನೆಟ್ಟಗಾದ.

"ಅಣ್ಣಾ," ಎಂದ ಬಹಳ ಮರ್ಯಾದೆಯಿಂದ, "ನಿಮ್ದೇ ದೊಡ್ಡಮನೆ. ನಾನು ತಕರಾರು ಬಿಟ್ಟೆ."

"ಏ, ದುಡುಕಬೇಡ ಕಣೋ," ಎಂದರು ಮುನಿರಾಜು ಗಾಬರಿಯಿಂದ. "ಆ ಮೂಗು ನೋಡು. ಸೇಮ್ ನಿಂದೇ!"

"ನಂದಾ? ಆ ಹೊಟ್ಟೆ ಯಾರ್ದು ಹಂಗಾದ್ರೆ?"

ಕುರ್ಚಿಯಲ್ಲಿ ಕೂತಿದ್ದ ಮುನಿರಾಜುವಿನ ತಾಯಿ ಚಿಕ್ಕಲಕ್ಷ್ಮಮ್ಮ ಕೋಲು ಕುಟ್ಟಿದರು.

"ಸಾಕು ಸುಮ್ನಿರ್ರೋ. ಅವ್ನು ಮರ ಹತ್ತದೇ ಇದ್ದಿದ್ರೆ ನೀವಿಬ್ರೂ ಎಲ್ಲಿಂದ ಹುಟ್ತಿದ್ರಿ? ಪ್ರಾಣ ಉಳಿಸಿದ ನಾಯಿಗೆ ಕಲ್ಲು ನಿಲ್ಸಿದಾನೆ. ಅಷ್ಟಾದ್ರೂ ನಿಯತ್ತಿತ್ತಲ್ಲ ಆ ಪುಣ್ಯಾತ್ಮಂಗೆ. ಪೂಜೆ ಮಾಡಿ."

ಮೊದಲು ನಕ್ಕಿದ್ದು ಕಾಂತರಾಜು. ತಡೆಯಲು ನೋಡಿ ಆಗದೆ ಮುನಿರಾಜುವೂ ನಕ್ಕರು. ಬೀಳದಂತೆ ಅವನ ಭುಜವನ್ನೇ ಹಿಡಿದುಕೊಳ್ಳಬೇಕಾಯಿತು.

ಅನು ಕುಂಕುಮದ ಬಟ್ಟಲು ಹಿಡಿದಳು. ಇಬ್ಬರೂ ಒಟ್ಟಿಗೆ ಮಂಡಿಯೂರಿದರು. ನಾಯಿಗೆ ಹಣೆ ಎಲ್ಲಿಂದ ಶುರುವಾಗುತ್ತದೆಂದು ತಿಳಿಯದೆ, ಎರಡು ಕೆಂಪು ಬೆರಳುಗಳು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿದ್ದವು.