ಕಮಟು ಹಿಡಿದ ರಕ್ತ

ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದ ಪೆದ್ದಣ್ಣನ ಮೂಗು ಅಂತಿಂಥ ಮೂಗಲ್ಲ. ಶೇಂಗಾ ಎಣ್ಣೆಯ ಎರಡು ಹನಿ ಅಂಗೈಗೆ ಹಾಕಿ, ಉಜ್ಜಿ, ಮೂಸಿದನೆಂದರೆ ತೀರ್ಪು ಆಯಿತು. ಚೂರೇ ಚೂರು ಕಮಟು ವಾಸನೆ ಬಂದರೂ ಇಡೀ ಡಬ್ಬ ಸೋಪಿನ ಫ್ಯಾಕ್ಟರಿಗೆ. ಮಾಲೀಕರೇ ಬಂದು ಗೋಗರೆದರೂ ಅವನು ಜಗ್ಗುತ್ತಿರಲಿಲ್ಲ. ಕೆಟ್ಟ ಎಣ್ಣೆ ಮತ್ತೆ ಒಳ್ಳೆಯದಾಗಿದ್ದನ್ನು ಅವನು ಕಂಡಿರಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಅವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಹೆಂಡತಿ ದುರುಗಕ್ಕನ ಜೊತೆ ಬಸ್ಸು ಹತ್ತಿ, ದಾವಣಗೆರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ. ಅಲ್ಲಿ ಮೊಳಕಾಲ್ಮೂರಿನ ಜ್ಯೋತಿಲಕ್ಷ್ಮಿ ಎಂಬ ಹುಡುಗಿ ಸಂಶೋಧನೆಗೆಂದು ಡಯಾಲಿಸಿಸ್‌ಗೆ ಮೊದಲೊಮ್ಮೆ, ಆಮೇಲೊಮ್ಮೆ ರೋಗಿಗಳ ರಕ್ತ ತೆಗೆಯುತ್ತಿದ್ದಳು. ಯಾಕೆಂದು ಪೆದ್ದಣ್ಣ ಕೇಳಿದಾಗ, ಎಣ್ಣೆಯವನಿಗೆ ಎಣ್ಣೆಯ ಲೆಕ್ಕದಲ್ಲೇ ತಿಳಿಸೋಣವೆಂದು ಜಾಣತನ ಮಾಡಿದಳು.

"ಗಾಳಿ ತಾಗಿ ಎಣ್ಣೆ ಕಮಟು ಹಿಡಿಯಲ್ವಾ ಯಜಮಾನ್ರೇ? ರಕ್ತದಾಗಿನ ಕೊಬ್ಬೂ ಹಂಗೇ ಕೆಡ್ತೈತೆ. ಎಷ್ಟು ಕೆಟ್ಟೈತೆ ಅಂತ ನೋಡ್ತೀನಿ."

"ನಂದ್ರಾಗೆ ಐತಾ?"

"ಜಾಸ್ತೀನೇ ಐತೆ. ಡಯಾಲಿಸಿಸ್ ಆದ್ಮೇಲೂ ಇಳಿದಿಲ್ಲ."

ಪೆದ್ದಣ್ಣ ಮುಂದಿನ ಸರದಿಗೆ ಮನೆ ಬಿಟ್ಟು ಹೊರಡಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಕೆಟ್ಟ ಡಬ್ಬವನ್ನು ಎಷ್ಟು ದಿನ ಬಸ್ಸಿನಲ್ಲಿ ಹೊತ್ತು ತಿರುಗುವುದು ಎಂದು ಹೆಂಡತಿಗೆ ಹೇಳಿ, ನಿರಾಳವಾಗಿ ಜಗಲಿಯ ಮೇಲೆ ಕೂತ. ಕಾಲು ಊದಿತು, ಏದುಸಿರು ಬರತೊಡಗಿತು. ದುರುಗಕ್ಕ ಬೈದಳು, ಅತ್ತಳು, ಕೊನೆಗೆ ಎಸ್‌ಟಿಡಿ ಬೂತಿಗೆ ಹೋಗಿ ಜ್ಯೋತಿಲಕ್ಷ್ಮಿಗೆ ಫೋನು ಮಾಡಿದಳು.

ಮಾರನೆಯ ಬೆಳಿಗ್ಗೆ ಹುಡುಗಿ ಬಂದೇಬಿಟ್ಟಳು. ಮುಖ ಬಿಳಿಚಿಕೊಂಡಿತ್ತು.

"ನಾನು ಹಂಗೆ ಹೇಳಿದ್ದೇ ತಪ್ಪಾತು ಯಜಮಾನ್ರೇ. ರಕ್ತ ಅಂದ್ರೆ ಡಬ್ಬದಾಗಿನ ಎಣ್ಣೆಯಲ್ಲ, ದಿನಾ ಹೊಸದು ಹುಟ್ತೈತೆ."

"ಸಮಾಧಾನ ಮಾಡಬ್ಯಾಡ ತಾಯಿ. ಚೂರಾದ್ರೂ ಕಮಟು ಕಮಟೇ."

"ಹಂಗಾದ್ರೆ ಕೇಳ್ರಿ. ಹೋಲಿಸಿ ನೋಡಾಕೆ ಅಂತ ಕಾಯಿಲೆ ಇಲ್ದೋರ ರಕ್ತಾನೂ ತಗೊಂಡೀವಿ. ಅದ್ರಾಗೆ ನಂದೂ ಒಂದು. ನಿಮ್ಮದರ ಅರ್ಧದಷ್ಟು ನನ್ನ ರಕ್ತದಾಗೂ ಐತೆ. ಉಸಿರಾಡೋರಿಗೆಲ್ಲ ಇರ್ತೈತೆ."

ಪೆದ್ದಣ್ಣ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದ. ಗಟ್ಟಿಮುಟ್ಟಾದ ಹುಡುಗಿ, ಇಪ್ಪತ್ತೈದರ ವಯಸ್ಸು.

"ಏನು ಮಾಡಾನ?" ಎಂದಳು ದುರುಗಕ್ಕ. "ಈ ಹುಡುಗೀನೂ ಸೋಪಿನ ಫ್ಯಾಕ್ಟರಿಗೆ ಕಳಿಸ್ತೀಯಾ?"

ಅವನಿಗೆ ನಗು ಬಂತು. ನಗುವುದಕ್ಕೆ ಉಸಿರು ಸಾಲದೆ ಕೆಮ್ಮು ಹತ್ತಿತು. ಕೆಮ್ಮು ನಿಲ್ಲುವಷ್ಟರಲ್ಲಿ ಹೆದರಿಕೆಯೂ ಆಗಿತ್ತು. ಸಾಯಲು ತಯಾರಾಗಿದ್ದೇನೆ ಎಂದುಕೊಂಡಿದ್ದವನಿಗೆ ಸಾಯುವ ಮನಸ್ಸೇ ಇರಲಿಲ್ಲ.

"ಅಂಗಿ ತಾರೇ" ಎಂದು ಹೆಂಡತಿಗೆ ಹೇಳಿ, ಗೋಡೆ ಹಿಡಿದು ಎದ್ದ. ಹುಡುಗಿ ಅವನ ತೋಳು ಹಿಡಿದುಕೊಂಡಳು. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಮಿಲ್ಲಿನ ಗೇಟಿನ ಮುಂದೆ ಅವನು ದಣಿವಾರಿಸಿಕೊಳ್ಳಲು ನಿಂತ.

"ಮೂವತ್ತು ವರ್ಷದಾಗೆ," ಎಂದ, "ಎಷ್ಟು ಒಳ್ಳೆ ಡಬ್ಬ ಸೋಪಿಗೆ ಕಳಿಸಿದ್ನೋ ಏನೋ ತಾಯಿ."