ಒಳಗೆ ಬಿಟ್ಟ ಬಟ್ಟೆ

ಅಂಗಿಯ ಎಡಪಕ್ಕವನ್ನು ಕಂಕುಳಿನವರೆಗೆ ಬಿಚ್ಚಿ ಮುಗಿಸಿ, ಅವಳು ಬಲಪಕ್ಕದ ಹೊಲಿಗೆಗೆ ಬ್ಲೇಡು ಇಟ್ಟಳು. ಮೊಣಕೈಗಳು ಮೈಗೆ ಅಂಟಿಕೊಂಡೇ ಇದ್ದವು. ಕೈಯನ್ನು ಹೆಗಲಿನಿಂದ ಮೇಲಕ್ಕೆ ಎತ್ತಬಾರದೆಂದು ಡಾಕ್ಟರು ಹೇಳಿದ್ದರಿಂದ, ಮೇಲಿನ ಹಲಗೆಯಲ್ಲಿದ್ದ ದಾರದುಂಡೆಗಳೆಲ್ಲ ಈಗ ಮೇಜಿಗೆ ಇಳಿದಿದ್ದವು.

ಬಿಚ್ಚುತ್ತಿದ್ದುದು ಅವಳದೇ ಹೊಸ ಅಂಗಿ. ಎದೆ ಚಿಕ್ಕದು ಮಾಡಿಸಿಕೊಂಡು ಆಸ್ಪತ್ರೆಯಿಂದ ಬಂದ ಮರುವಾರವೇ, ತಡೆಯಲಾರದೆ, ತನಗೆ ತಾನೇ ಟೇಪು ಹಿಡಿದು ಹೊಲಿದುಕೊಂಡದ್ದು. ಬಾವು ಇಳಿದ ಮೇಲೆ ಹಾಕಿ ನೋಡಿದರೆ ಗೋಣಿಚೀಲ. ಬಟ್ಟೆ ತಂದವರಿಗೆಲ್ಲ ನೆನೆಸಿ ಒಣಗಿಸಿ ತನ್ನಿ, ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ ಎಂದು ಪಾಠ ಹೇಳುವವಳು ತನ್ನ ಮೈ ಕುಗ್ಗುವವರೆಗೆ ಕಾದಿರಲಿಲ್ಲ. ಕನ್ನಡಿಯ ಮುಂದೆ ಒಬ್ಬಳೇ ನಕ್ಕಿದ್ದಳು. ನಕ್ಕರೆ ಗಾಯ ಎಳೆಯುತ್ತಿತ್ತು.

ಬಾಗಿಲ ಬಳಿ ಅತ್ತೆ ಗುಂಡಿಗಳನ್ನು ಬಣ್ಣಬಣ್ಣವಾಗಿ ವಿಂಗಡಿಸುತ್ತ ಕೂತಿದ್ದರು. ಕೆಟ್ಟವರಲ್ಲ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಸೊಸೆಯ ತಲೆ ಬಾಚಿದ್ದು, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದು ಅವರೇ. ಬೀದಿಗೆಲ್ಲ ಗಡ್ಡೆ ಇತ್ತು, ತೆಗೆಸಿದೆವು ಎಂದು ಹೇಳಿ ಬಂದಿದ್ದೂ ಅವರೇ. ಕಾಯಿಲೆ ಎಂದರೆ ಜನ ಅಯ್ಯೋ ಅನ್ನುತ್ತಾರೆ, ಬೇಕೆಂದೇ ಮಾಡಿಸಿಕೊಂಡಳು ಎಂದರೆ ಬಾಯಿಗೆ ಬಂದದ್ದು ಅನ್ನುತ್ತಾರೆ ಎಂಬುದು ಅವರ ಲೆಕ್ಕ. ಗಂಡನೂ ಅದಕ್ಕೆ ತಲೆಯಾಡಿಸಿದ್ದ. ಆಪರೇಷನ್ನಿನ ಮಾತು ಬಂದಾಗ, ಇಷ್ಟು ವರ್ಷ ನನಗೇನೂ ತೊಂದರೆ ಆಗಲಿಲ್ಲವಲ್ಲ ಎಂದಿದ್ದ.

“ಭಾರ ಹೊರ್ತಿದ್ದದ್ದು ನೀವಲ್ವಲ್ಲ,” ಎಂದಿದ್ದಳು ಅವಳು.

ಹೆಗಲಲ್ಲಿ ಒಳಉಡುಪಿನ ಪಟ್ಟಿ ಕೊರೆದ ಹಳ್ಳ, ಸೆಕೆಗೆ ಎದೆಯ ಕೆಳಗೆ ಬೆಂದುಹೋಗುವ ಚರ್ಮ, ಸಂಜೆಗೆ ಮಷೀನಿನಿಂದ ಮೇಲೇಳದ ಕತ್ತು. ಬೇರೆಯವರ ಮೈಗೆ ಒಪ್ಪುವಂತೆ ಹೊಲಿಯುವವಳು ತನಗೆ ಮಾತ್ರ ಡೇರೆಯಂಥ ಅಂಗಿ ಹೊಲಿದುಕೊಳ್ಳುತ್ತಿದ್ದಳು.

ಆ ಭಾರವೇನೋ ಇಳಿದಿತ್ತು. ಆದರೆ ಬಲಗಡೆ, ಮೇಲಿನಿಂದ ಇಳಿದ ಗಾಯ ಅಡ್ಡ ಗಾಯವನ್ನು ಸೇರುವ ಮೂಲೆಯಲ್ಲಿ, ಹೊಲಿಗೆ ಬಿಟ್ಟುಕೊಂಡಿತ್ತು. ದಿನವೂ ತೊಳೆದು ಪಟ್ಟಿ ಹಾಕಬೇಕು. ಚರ್ಮ ಎಲ್ಲ ಕಡೆಯಿಂದ ಎಳೆಯುವ ಜಾಗ, ಎಷ್ಟೋ ಜನಕ್ಕೆ ಅಲ್ಲೇ ಬಿಡುತ್ತದೆ, ಒಳಗಿನಿಂದ ನಿಧಾನಕ್ಕೆ ತುಂಬಿಕೊಳ್ಳುತ್ತದೆ ಎಂದಿದ್ದಳು ನರ್ಸು. ಅಂಗಿಯಲ್ಲೂ ಹೊಲಿಗೆಗಳು ಕೂಡುವ ಮೂಲೆಯೇ ಮೊದಲು ಬಿಡುವುದು, ಅವಳಿಗೆ ಇದು ಹೊಸದೇನಲ್ಲ. ಅತ್ತೆಗೆ ಮಾತ್ರ ಅದು ಮೈಯ ಮುನಿಸು. ಬೇಡದ್ದಕ್ಕೆ ಕೈ ಹಾಕಿದರೆ ಕೂಡಿಕೊಳ್ಳುತ್ತದೆಯೇ ಎಂದು ಅವರು ಗುಂಡಿಗಳಿಗೆ ಹೇಳುತ್ತಿದ್ದರು.

ಅಷ್ಟರಲ್ಲಿ ಲಂಗದ ಅಂಚು ಮಡಿಸಲು ಕೊಟ್ಟಿದ್ದ ಟೀಚರ್ ಬಂದರು. ಅವರನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಅವಳು ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಮಂಡಿಯೂರಿದಳು.

ಟೀಚರ್ ದನಿ ತಗ್ಗಿಸಿದರು. “ಗಡ್ಡೆ ಅಂತೆ, ಪಾಪ. ಕೆಟ್ಟದ್ದೇನೂ ಅಲ್ಲ ತಾನೆ?”

“ಅಲ್ಲಮ್ಮ. ತೆಗೆದುಹಾಕಿದ್ರು, ಮುಗೀತು,” ಎಂದರು ಅತ್ತೆ.

ಇಷ್ಟು ದಿನ ಹೀಗೇ ನಡೆದಿತ್ತು. ಯಾರೋ ಕೇಳುವುದು, ಅತ್ತೆ ಹೇಳುವುದು, ಇವಳ ಬಾಯಲ್ಲಿ ಸೂಜಿ. ಇವತ್ತು ಅವಳು ಒಂದೊಂದಾಗಿ ಸೂಜಿ ತೆಗೆದು ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಸೂಜಿದಿಂಬಿಗೆ ಚುಚ್ಚಿದಳು. ಕೊನೆಯದನ್ನೂ ಚುಚ್ಚಿ ಆದ ಮೇಲೆ ತಲೆಯೆತ್ತಿದಳು.

“ಗಡ್ಡೆ ಇರಲಿಲ್ಲ ಟೀಚರ್. ಎದೆ ಭಾರ ಇತ್ತು. ನಾನೇ ಹೋಗಿ ಕಡಿಮೆ ಮಾಡಿಸ್ಕೊಂಡೆ.”

ಅತ್ತೆಯ ಕೈಯಿಂದ ಒಂದು ಗುಂಡಿ ಜಾರಿ ಮಷೀನಿನ ಕೆಳಗೆ ಉರುಳಿಹೋಯಿತು. ಟೀಚರ್ ಗೋಡೆ ನೋಡಿದರು, ಆಮೇಲೆ ಅವಳನ್ನು.

“ನೋವಿದೆಯಾ?”

“ಇದೆ. ಒಂದು ಮೂಲೆ ಇನ್ನೂ ಕೂಡಿಲ್ಲ. ಒಂದು ಕಡೆ ಮುಟ್ಟಿದ್ರೂ ಗೊತ್ತಾಗಲ್ಲ, ಜೋಮು ಹಿಡಿದ ಹಾಗಿದೆ. ಕತ್ತುನೋವು ಮಾತ್ರ ಆಸ್ಪತ್ರೆಯಲ್ಲೇ ಬಿಟ್ಟು ಬಂದೆ.”

ಟೀಚರ್ ಹೋಗುವಾಗ, ಆ ಆಸ್ಪತ್ರೆ ಎಲ್ಲಿದೆ ಎಂದು ಕೇಳಿಕೊಂಡು ಹೋದರು. ಯಾರಿಗಾಗಿ ಎಂದು ಅವಳು ಕೇಳಲಿಲ್ಲ.

ಅತ್ತೆ ಬಗ್ಗಿ ಮಷೀನಿನ ಕೆಳಗಿನ ಗುಂಡಿಯನ್ನು ಹೆಕ್ಕಿಕೊಂಡರು. ಇಷ್ಟು ಜೋಪಾನವಾಗಿ ಮುಚ್ಚಿಟ್ಟದ್ದನ್ನು ನೀನೇ ಬಿಚ್ಚಿ ಹರವಿದೆಯಲ್ಲ ಎಂದು ಗೊಣಗಿ, ಒಳಗೆ ಹೋಗಲು ಎದ್ದರು. ಹೊಸ್ತಿಲಲ್ಲಿ ನಿಂತು ಅಂಗಿಯ ಕಡೆ ಕೈ ತೋರಿದರು.

“ಒಳಗೆ ಬಟ್ಟೆ ಬಿಟ್ಟು ಹೊಲಿ ಕಣೇ. ಮತ್ತೆ ಮೊದಲಿನ ಹಾಗೇ ಆದ್ರೆ ಬೇಕಾಗುತ್ತೆ.”

“ಆಯ್ತು ಅತ್ತೆ,” ಎಂದಳು.

ಬೇರೆಯವರ ಬಟ್ಟೆಯನ್ನು ಅವಳು, ಮುಂದೆ ಸಡಿಲಿಸಲು ಬೇಕಾದೀತೆಂದು, ಒಳಗೆ ಬಿಡದೆ ಹೊಲಿದವಳೇ ಅಲ್ಲ. ಅಂಗಿಯನ್ನು ತಿರುವಿ ಹಾಕಿ, ಈಗಿನ ಮೈಗೆ ಸರಿಯಾಗಿ ಗುರುತು ಹಾಕಿ, ಎರಡೂ ಪಕ್ಕ ಹೊಲಿದಳು. ಬಾವು ಇನ್ನಷ್ಟು ಇಳಿದರೆ ಮತ್ತೆ ಹಿಡಿದು ಚಿಕ್ಕದು ಮಾಡಬಹುದು. ಒಳಗೆ ಅಗಲವಾಗಿ ಉಳಿದಿದ್ದ ಬಟ್ಟೆಯನ್ನು ಬೆರಳಿನಿಂದ ಒಮ್ಮೆ ನೇವರಿಸಿ, ದೊಡ್ಡ ಕತ್ತರಿ ತೆಗೆದುಕೊಂಡಳು. ಹೊಲಿಗೆಯ ಪಕ್ಕದಲ್ಲೇ, ಅಂಚು ಹೊಲಿಯಲು ಬೇಕಾದ್ದಕ್ಕಿಂತ ಒಂದು ಗೀರಿನಷ್ಟೂ ಹೆಚ್ಚು ಬಿಡದೆ, ಕೆಳಗಿನಿಂದ ಕಂಕುಳಿನವರೆಗೆ ಕತ್ತರಿಸಿದಳು. ಆಮೇಲೆ ಇನ್ನೊಂದು ಪಕ್ಕ.

ಬಿದ್ದ ಪಟ್ಟಿಗಳನ್ನು ಚಿಂದಿಯ ಬುಟ್ಟಿಗೆ ಹಾಕಿ, ಅಂಚುಗಳನ್ನು ಹೊಲಿದು, ಅಂಗಿಯನ್ನು ಹೊರಮಗ್ಗುಲಿಗೆ ತಿರುಗಿಸಿದಳು. ಒಳಗಿನಿಂದ ಅತ್ತೆ, ಆಯಿತೇನೆ ಎಂದು ಕೂಗಿದರು. ಆಯಿತು ಎಂದಷ್ಟೇ ಹೇಳಿದಳು.