ಸಖುಬಾಯಿಯ ತೊಗರಿಗೆ ಜ್ವರ ಬಂದದ್ದು

ಬೇಮಳಖೇಡದಲ್ಲಿ ಯಾರಿಗೇ ಫೋನಿನಲ್ಲಿ ಸುದ್ದಿ ಬರುವುದಿದ್ದರೂ ಅದು ಮೊದಲು ಹುಸೇನನಿಗೆ ಬರುತ್ತದೆ. ಅವನೇನು ಪಂಚಾಯತಿ ಮೆಂಬರನಲ್ಲ, ಟೆಂಪೊ ಓಡಿಸುವವನು. ದಿನಾ ಹುಮನಾಬಾದಿಗೆ ಹೋಗಿ ಬರುತ್ತಾನೆ, ಓದಲು ಬರುತ್ತದೆ, ಫೋನಿನಲ್ಲಿ ಚಾರ್ಜು ತೀರಲು ಬಿಡುವುದಿಲ್ಲ. ಊರಿಗೆ ಅಷ್ಟು ಸಾಕಾಯಿತು. ಗ್ಯಾಸಿನವರು ಕೇಳಲಿ, ದವಾಖಾನೆಯವರು ಕೇಳಲಿ, ಅರ್ಧ ಊರು ಅವನ ನಂಬರನ್ನೇ ಬರೆಸುತ್ತದೆ. ಸಂಜೆ ಗಾಡಿ ನಿಲ್ಲಿಸಿ ಅವನು ಓಣಿಯಲ್ಲಿ ನಡೆದು ಬಂದನೆಂದರೆ ಬಾಗಿಲಿಗೊಂದು ಮಾತು.

"ಉಮಾದೇವಿ ಅಕ್ಕಾ, ಸಿಲಿಂಡರ್ ನಾಳಿಗಿ ಬರ್ತದಂತ. ದತ್ತಾತ್ರಿ ಮಾಮಾ, ನಿಮ್ಮ ಕಣ್ಣಿನ ಡಾಕ್ಟರ್ ಸೋಮವಾರ ಇರಂಗಿಲ್ಲಂತ ನೋಡ್ರಿ!"

ಹೀಗಾಗಿ ಹುಮನಾಬಾದಿನ ರೈತರ ಗೋದಾಮಿನಲ್ಲಿ ಪ್ರಣಿತಾ, "ಆಯಿ, ಮೆಸೇಜ್ ಯಾವ ನಂಬರಿಗಿ ಕಳಸ್ಬೇಕ್ರಿ?" ಎಂದು ಕೇಳಿದಾಗ ಸಖುಬಾಯಿ ಹಿಂದೆ ಮುಂದೆ ನೋಡದೆ ಹುಸೇನನ ಕಡೆಗೆ ಕೈ ತೋರಿಸಿದ್ದಳು.

ಪ್ರಣಿತಾ ಬಸವಕಲ್ಯಾಣದವಳು. ದಿನಾ ಬಸ್ಸಿನಲ್ಲಿ ಬಂದು ಗೋದಾಮು ನೋಡಿಕೊಳ್ಳುತ್ತಾಳೆ. ಸಖುಬಾಯಿಯ ನಾಲ್ಕು ಚೀಲ ತೊಗರಿಯೊಳಗೆ ಅವಳು ಒಂದೊಂದು ಉದ್ದನೆಯ ಸ್ಟೀಲಿನ ಕಡ್ಡಿ ಚುಚ್ಚಿದಳು. ಕಡ್ಡಿಯ ತಲೆಗೆ ಬೆಂಕಿಪೊಟ್ಟಣದಷ್ಟು ಡಬ್ಬಿ. ಅದೇ ಸೆನ್ಸರ್ ಅಂತೆ. ಚೀಲದೊಳಗೆ ಕಾವೆಷ್ಟು, ತೇವವೆಷ್ಟು ಎಂದು ಕಡ್ಡಿ ಗೋಡೆಯ ಮೇಲಿನ ಪೆಟ್ಟಿಗೆಗೆ ಹೇಳುತ್ತದೆ, ಪೆಟ್ಟಿಗೆ ಫೋನಿಗೆ ಹೇಳುತ್ತದೆ.

ಸಖುಬಾಯಿಯ ಗಂಡ ಭೀಮಶಾ ಕುರಿ ಕಾಯುವವನು. ಅವನಿಗೆ ನಗು ತಡೆಯಲಿಲ್ಲ. "ಕುರಿಗಿ ಜ್ವರ ಬಂದ್ರ ನಾ ಕಿವಿ ಹಿಡದು ನೋಡ್ತೀನಿ. ತೊಗರಿಗಿ ಥರ್ಮಾಮೀಟರ್ ಇಡೋದು ಇವತ್ತ ನೋಡ್ದೆ!"

ಸಖುಬಾಯಿ ನಗಲಿಲ್ಲ. ಆ ತೊಗರಿ ಅವಳ ತವರು ಮಂಠಾಳದ್ದು. ಮದುವೆಯಾಗಿ ಬರುವಾಗ ಅವ್ವ ಒಂದು ಗಡಿಗೆ ತುಂಬಿ ಕೊಟ್ಟಿದ್ದ ಬೀಜ. ಕೆಂಪು ಕಾಳು, ಬೇಗ ಬೇಯುತ್ತದೆ, ಮಳೆ ಕೈಕೊಟ್ಟರೂ ಕಾಯಿ ಬಿಡುತ್ತದೆ. ಈಗ ತವರಿನಲ್ಲಿ ಎಲ್ಲರೂ ಸೋಯಾ ಬಿತ್ತುತ್ತಾರೆ, ಹುಡುಕಿದರೂ ಅಲ್ಲಿ ಒಂದು ಕಾಳು ಸಿಗದು. ಬೇಮಳಖೇಡದ ಒಂಬತ್ತು ಮನೆಯವರು ಬೆಳೆದದ್ದನ್ನೆಲ್ಲ ಉಂಡು ಮಾರಿ, ಜೂನಿನಲ್ಲಿ ಮಿರಗದ ಮಳೆ ಬಿದ್ದೊಡನೆ ಬಿತ್ತನೆಗೆಂದು ಅವಳ ಬಾಗಿಲಿಗೇ ಬರುತ್ತಾರೆ. ಹೋದ ವರ್ಷ ಮನೆಯಲ್ಲಿಟ್ಟ ಬೀಜವನ್ನು ಹುಳು ಅರ್ಧ ತಿಂದುಹಾಕಿತ್ತು. ಅದಕ್ಕೇ ಈ ವರ್ಷ ಗೋದಾಮು. ಈ ನಾಲ್ಕು ಚೀಲ ಕೆಟ್ಟರೆ ಅವ್ವನ ತೊಗರಿ ಭೂಮಿಯ ಮೇಲೇ ಇಲ್ಲ.

ನಾಲ್ಕನೆಯ ದಿನ ಸಂಜೆ ಹುಸೇನ ಅವಳ ಬಾಗಿಲಲ್ಲಿ ನಿಂತ.

"ಕಾಕಿ, ನಿಮ್ಮ ತೊಗರಿಗಿ ಮೈ ಬಿಸಿ ಆಗ್ಯಾದ."

"ಏನಂದಿ?"

"ನಾಲ್ಕೂ ಚೀಲದಾಗ ತೇವ ಏರಾಕತ್ತದಂತ. ನಿನ್ನಿನೂ ಬಂದಿತ್ತು. ಮಿಷಿನ್‌ಗಿ ಹುಚ್ಚು ಹಿಡದಿರಬೇಕಂತ ಬಿಟ್ಟಿದ್ದೆ. ಇವತ್ತ ಮೂರು ಸಲ ಬಂತು."

ಸಖುಬಾಯಿಗೆ ಸಿಟ್ಟು ಬಂತು. "ಕಾಳು ಹಲ್ಲಿಲೆ ಕಡದು ನೋಡಿ ಚೀಲಾ ಕಟ್ಟೀನಿ ನಾ. ಕಟಕ್ ಅಂತಿತ್ತು! ಅವರ ಗ್ವಾಡಿ ಸೋರಾಕತ್ತಿರಬೇಕು. ನಾಳಿಗಿ ನಡಿ, ಆ ಹುಡುಗಿಗಿ ಕೇಳೇ ಬಿಡ್ತೀನಿ."

ಮರುದಿನ ಟೆಂಪೊದಲ್ಲಿ ಕೂತಾಗಿನಿಂದ ಜಗಳದ ಮಾತುಗಳನ್ನು ಜೋಡಿಸುತ್ತ, ಜೋರಾಗಿಯೇ ಆಡಿ ನೋಡುತ್ತ ಬಂದಳು. ಹುಸೇನ ಹಾದಿ ನೋಡುತ್ತಲೇ ಹೇಳಿದ: "ಕಾಕಿ, ಜರಾ ಉಳಿಸ್ಕೋರಿ. ಎಲ್ಲಾ ನನ್ನ ಮ್ಯಾಲೇ ಖರ್ಚ ಮಾಡಿದ್ರ ಅಲ್ಲಿ ಏನ್ ಮಾಡ್ತೀರಿ?"

ಗೋದಾಮಿನ ಗೋಡೆ ಒಣಗಿಯೇ ಇತ್ತು. ಪಕ್ಕದ ಸಾಲಿನ ಕಡಲೆ ಚೀಲಗಳೂ ನೆಟ್ಟಗಿದ್ದವು. ಪ್ರಣಿತಾ ಮೊದಲ ಚೀಲದ ಬಾಯಿ ಬಿಚ್ಚಿ, "ಕೈ ಹಾಕ್ರಿ ಆಯಿ" ಎಂದಳು.

ಸಖುಬಾಯಿ ಮೊಳಕೈತನಕ ಕೈ ಇಳಿಸಿದಳು. ಒಳಗೆ ರೊಟ್ಟಿ ಸುತ್ತಿಟ್ಟ ಅರಿವೆಯ ಹಾಗೆ ಬಿಸಿ. ಬೆರಳಿಗೆ ಏನೋ ಮೆತ್ತಗೆ ಅಂಟಿತು. ಎಳೆದರೆ ಕಪ್ಪಾಗಿ ಮುದ್ದೆಗಟ್ಟಿದ ಬೇವಿನ ತಪ್ಪಲು.

ಅವಳದೇ ತಪ್ಪಲು. ಬೀಜದ ನಡುವೆ ಬೇವಿನೆಲೆ ಇಡುವುದು ಅವ್ವನಿಂದ ಬಂದ ರೂಢಿ, ಹುಳು ಕಡಿಮೆ ಹತ್ತುತ್ತದೆ. ನೆರಳಿನಲ್ಲಿ ವಾರಗಟ್ಟಲೆ ಒಣಗಿಸಿ ಇಡಬೇಕು. ಆದರೆ ತಪ್ಪಲು ಕೊಯ್ದ ಮರುದಿನವೇ ಟೆಂಪೊ ಹೊರಟಿತ್ತು. ಮೇಲಾಗಿ, ಮಗಳನ್ನು ಪರವೂರಿಗೆ ಕಳಿಸುವಾಗ ಬುತ್ತಿ ಒಂದು ಮುಷ್ಟಿ ಹೆಚ್ಚೇ ಕಟ್ಟುತ್ತಾರಲ್ಲ, ಹಾಗೆ ಪರರ ಗೋದಾಮಿಗೆ ಹೋಗುವ ಬೀಜಕ್ಕೆ ಅವಳು ಎರಡರಷ್ಟು ತಪ್ಪಲು ಇಟ್ಟಿದ್ದಳು. ಹಿಂದಿನ ದಿನ ಕೊಯ್ದದ್ದು, ಬರೀ ಬಾಡಿದ್ದು.

ಚೀಲ ಹೊರುವವರಲ್ಲಿ ಹಿರಿಯನಾದ ದೇವಿದಾಸ ಬಗ್ಗಿ ನೋಡಿದ. "ಹಸಿ ತಪ್ಪಲಾ! ಯಾರ ಶಾಣ್ಯಾತನ ಇದು? ಇನ್ನ ಇದು ಬಿತ್ತನೆ ಬೀಜದ ಸಾಲಿನಾಗ ಇಡೋ ಮಾಲಲ್ಲ. ನುಚ್ಚು ಒಡಸಿ ದನಕ್ಕ ಹಾಕ್ರಿ."

ಹಾದಿಯುದ್ದಕ್ಕೂ ಜಗಳ ಜೋಡಿಸಿದವಳು ತಪ್ಪಲಿನ ಮುದ್ದೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಗ ಹುಸೇನ ಮುಂದೆ ಬಂದ. "ಗಲತಿ ನಂದು ಮಾಮಾ. ಗಾಡಿ ಖಾಲಿ ಹೊಂಟದ, ಇವತ್ತೇ ಏರಸ್ರಿ ಅಂತ ನಾನೇ ಅವಸರ ಮಾಡ್ದೆ."

"ಸುಳ್ಳ ಹೇಳಬ್ಯಾಡೋ ಹುಸೇನಾ," ಎಂದಳು ಸಖುಬಾಯಿ. "ತಪ್ಪಲಾ ಇಟ್ಟ ಕೈ ನಂದು."

ಪ್ರಣಿತಾ ಕಾಳನ್ನು ಅಂಗೈಯಲ್ಲಿ ಹರಡಿ ನೋಡುತ್ತಿದ್ದಳು. "ನಮ್ಮ ಅಜ್ಜಿ ಕಮಳಾಬಾಯಿನೂ ಬೇವು ಹಾಕ್ತಾಳ ಆಯಿ. ಔಷಧ ಛಲೋದೇ, ಅದರಾಗ ನೀರಿತ್ತು ಅಷ್ಟ. ಸುಮ್ನ ಬಿಟ್ಟಿದ್ರ ಮಿರಗಕ್ಕ ಚೀಲಾ ಬಿಚ್ಚಿದಾಗ ಬರೇ ಬೂಷ್ಟ ಸಿಗ್ತಿತ್ತು. ಈಗ ಐದೇ ದಿನ ಆಗ್ಯಾದ. ಒಣಗಿಸಿ ನೋಡೋಣು. ನೂರು ಕಾಳು ಮೊಳಕಿಗಿ ಇಡೋಣು. ಎಪ್ಪತ್ತೈದು ಮೊಳತ್ರ ಬೀಜ, ಇಲ್ಲಂದ್ರ ನುಚ್ಚು. ಸರಿ ಏನ್ರಿ ಮಾಮಾ?"

"ನೂರು ಕಾಳು ನಾನೇ ಆರಸ್ತೀನಿ. ಛಲೋ ಛಲೋವು ತೆಗದು ಇಟ್ಟೀರಿ ಮತ್ತ," ಎಂದ ದೇವಿದಾಸ.

ಒಣಗಿಸುವುದೆಲ್ಲಿ? ಗೋದಾಮಿನ ಅಂಗಳದಲ್ಲಿ ಲಾರಿಗಳ ಧೂಳು. ಹುಸೇನನ ಅಕ್ಕ ಜೈನಬಿಯ ಮನೆ ಹಿಂದಿನ ಓಣಿಯಲ್ಲೇ ಇತ್ತು. ಅವಳು ಮಾಳಿಗೆಯ ಮೇಲೆ ಹರವಿದ್ದ ಶಾವಿಗೆಯನ್ನು ಸರಸರನೆ ಬಾಚಿ ಕೆಳಗೊಯ್ದಳು.

"ಅಯ್ಯ, ನಿನ್ನ ಶಾವಿಗಿ ಕೆಡ್ತದಲ್ಲ ಅಕ್ಕಾ," ಎಂದು ಸಖುಬಾಯಿ ಸಂಕೋಚಪಟ್ಟಳು.

"ಶಾವಿಗಿ ಕೆಟ್ರ ಮತ್ತ ಹೊಸೀತೀನಿ. ನಿನ್ನ ತೊಗರಿ ನಾ ಹೊಸಿಲಿಕ್ಕಾಗ್ತದೇನು? ಹಾಸು."

ಬರೀ ಸಿಮೆಂಟಿನ ಮೇಲೆ ಸುರಿದರೆ ಬೀಜ ಸುಡುತ್ತದೆಂದು ಪ್ರಣಿತಾ ಹೇಳಿದ್ದರಿಂದ ಗೋಣಿತಟ್ಟು ಹಾಸಿದರು. ಮೂರು ಹಗಲು ಸಖುಬಾಯಿ ಆ ಮಾಳಿಗೆ ಬಿಟ್ಟು ಇಳಿಯಲಿಲ್ಲ. ತಪ್ಪಲಿನ ಚೂರುಗಳನ್ನು ಆರಿಸಿದಳು, ಬೂಷ್ಟು ಹಿಡಿದ ಕಾಳನ್ನು ಬೇರೆ ಮಾಡಿದಳು, ತಾಸಿಗೊಮ್ಮೆ ಪಾದದಿಂದ ಸಾಲು ಎಳೆದು ತಿರುವಿದಳು. ಜೈನಬಿ ಚಹಾ ತಂದು ನಿಂತು, "ನೀ ಕುಡೀತಿಯೋ, ತೊಗರಿಗೇ ಕುಡಸ್ಲೋ?" ಎಂದು ಕೆಣಕುವಳು. ಹುಸೇನ ಬಾಡಿಗೆಯ ನಡುವೆ ಬಂದು ಗೋಣಿ ಎಳೆದು ಕೊಡುವನು. ಪ್ರಣಿತಾ ಊಟದ ಹೊತ್ತಿಗೆ ಬಂದು ಒಂದು ಕಡ್ಡಿ ಚುಚ್ಚಿ, "ಇಳೀತು ಆಯಿ, ಇನ್ನಾ ಇಳೀತು" ಎನ್ನುವಳು. ಇವರ್ಯಾರೂ ತನ್ನ ಬಳಗವಲ್ಲ, ಇವರ್ಯಾರ ಹೊಲಕ್ಕೂ ಈ ಬೀಜ ಬೀಳುವುದಿಲ್ಲ. ಕೈ ಮುಗಿಯೋಣವೆಂದರೆ ಮೊದಲು ಯಾರಿಗೆ ಎಂದು ಸಖುಬಾಯಿಗೆ ತಿಳಿಯದು. ತಿಳಿಯದೆ ತೊಗರಿಯನ್ನೇ ಇನ್ನೊಮ್ಮೆ ತಿರುವುವಳು.

ಒಣಗಿದ ಬೀಜವನ್ನು ಮತ್ತೆ ಚೀಲಕ್ಕೆ ತುಂಬಿದ ಮೇಲೆ ದೇವಿದಾಸ ನಾಲ್ಕೂ ಚೀಲದಿಂದ ಕಣ್ಣು ಮುಚ್ಚಿ ನೂರು ಕಾಳು ತೆಗೆದು, ಹಸಿ ಗೋಣಿಯಲ್ಲಿ ಸುತ್ತಿ, ಗೋದಾಮಿನ ನೆರಳಿನಲ್ಲಿಟ್ಟ. ಆರನೆಯ ದಿನ ಬಿಚ್ಚುವಾಗ ಭೀಮಶಾ ಕೂಡ ಕುರಿಗಳನ್ನು ದತ್ತಾತ್ರಿಗೆ ಒಪ್ಪಿಸಿ ಬಂದಿದ್ದ.

ಮೊದಲ ಹತ್ತರಲ್ಲಿ ಆರೇ ಮೊಳೆತಿದ್ದವು. ಸಖುಬಾಯಿ ಸೆರಗು ಬಾಯಿಗೆ ಹಿಡಿದಳು. ಎರಡನೆಯ ಹತ್ತರಲ್ಲಿ ಎಂಟು. ಮೂರನೆಯದರಲ್ಲಿ ಒಂಬತ್ತು. ಆಮೇಲೆ ಅವಳಿಗೆ ಎಣಿಕೆ ತಪ್ಪಿತು. ಬೆಳ್ಳನೆಯ ಬೇರುಗಳು ಎಲ್ಲೆಲ್ಲೂ ಕಂಡವು, ಕಣ್ಣು ಮಂಜಾಯಿತು.

"ಎಂಬತ್ತೊಂದು," ಎಂದಳು ಪ್ರಣಿತಾ.

"ಇನ್ನೊಮ್ಮಿ," ಎಂದ ದೇವಿದಾಸ. ತಾನೇ ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೂ ಮುಟ್ಟಿ ಎಣಿಸಿದ. ಎದ್ದು ತಲೆಗೆ ಟವೆಲು ಬಿಗಿದುಕೊಂಡ. ಮೊದಲ ಚೀಲವನ್ನು ಬೆನ್ನ ಮೇಲೆ ಹಾಕಿಕೊಂಡು ಬಿತ್ತನೆ ಸಾಲಿನ ಕಡೆ ನಡೆದ.

ಭೀಮಶಾ ಒಂದು ಕಡ್ಡಿ ಎತ್ತಿ ತಿರುವಿ ನೋಡಿದ. ಪ್ರಣಿತಾಳ ಹತ್ತಿರ ಹೋಗಿ, "ತಾಯಿ, ಇಂಥಾ ಕಡ್ಡಿ ಕುರಿಗಿ ಇಡೋವು ಸಿಗ್ತಾವೇನ್ರಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದ.

ಮೂರು ಚೀಲ ಒಳಗೆ ಹೋದವು. ನಾಲ್ಕನೆಯದನ್ನು ಎತ್ತುವ ಮೊದಲು ದೇವಿದಾಸ ತಡೆದು ನಿಂತ. "ಅಕ್ಕಾ... ಹಳ್ಳಿಖೇಡದಾಗ ನಂದೂ ಜರಾ ಹೊಲ ಅದ. ಎಲ್ಲಾ ಕಬ್ಬೇ. ಬದುವಿನ ಮ್ಯಾಲ ಒಂದ್ ಸಾಲ ತೊಗರಿ ಹಾಕಬೇಕಂತೀನಿ. ಒಂದ್ ಬೊಗಸಿ..."

ಸಖುಬಾಯಿ ಚೀಲದ ಬಾಯಿ ಬಿಚ್ಚಿದಳು. ಅವನ ಟವೆಲನ್ನು ತಾನೇ ನೆಲಕ್ಕೆ ಹಾಸಿ ಒಂದು ಬೊಗಸೆ ಹಾಕಿದಳು. ಎರಡು. ಮೂರು. ಅವನು ಸಾಕೆಂದರೂ ಕೇಳಲಿಲ್ಲ.

"ಹಿಡಿಯೋ ತಮ್ಮಾ. ಇಷ್ಟ ದಿನಾ ನನ್ನ ಒಬ್ಬಾಕಿ ಮನಿಯಾಗೇ ಇತ್ತು ಇದು. ಅದೇ ನನ್ನ ತಪ್ಪು," ಎನ್ನುತ್ತ ಪ್ರಣಿತಾಳ ಕಡೆ ತಿರುಗಿದಳು. "ಏ ತಂಗಿ, ನೀನೂ ಬಾ. ಓಡ್ನಿ ಹಿಡಿ. ಹುಸೇನಾ, ಜೈನಬಿ ಅಕ್ಕಗ ಕರೀ."